ಏರು ಸಾಲು, ಇಳಿ ಸಾಲು: ಸರಾಸರಿ ತಪ್ಪಿದ್ದೆಲ್ಲಿ

ಅಣ್ಣಾ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಳಿಜಾರಿನ ಒಂದು ಎಕರೆ ಮೆಕ್ಕೆಜೋಳಕ್ಕೆ ಹುಳುವಿನ ಔಷಧಿ ಹೊಡೆದಿದ್ದೀರಿ. ಸಾಲಿನ ಉದ್ದ 90 ಮೀಟರ್. ಏರುವಾಗ ನಿಮಿಷಕ್ಕೆ 30 ಮೀಟರ್, ಇಳಿಯುವಾಗ 60 ಮೀಟರ್ ನಡೆಯುತ್ತೀರಿ. ಸರಾಸರಿ 45 ಎಂದು ಹಿಡಿದು 90 ಲೀಟರ್ ಕಲಸಿದಿರಿ, ಕೊನೆಗೆ ಎಂಟು ಸಾಲು ಉಳಿದುಬಿಟ್ಟಿತು. ಪಂಪ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಅದರ ಮೇಲೆ ಒಂಬತ್ತನೆಯ ತರಗತಿಯ ಮಗಳು, ‘ಹೋಗಿ ಬಂದರೆ ನಿನ್ನ ಸರಾಸರಿ ವೇಗ ಸೊನ್ನೆ ಅಪ್ಪಾ’ ಎಂದಳಂತೆ. ಪಂಪ್ ಸರಿಯಾಗಿದೆ, ಮಗಳು ಹೇಳಿದ್ದೂ ಸರಿಯಾಗಿದೆ. ತಪ್ಪಿರುವುದು ಆ 45.

ಎರಡು ಅಂಕಿ ಕಂಡರೆ ಕೂಡಿ ಎರಡರಿಂದ ಭಾಗಿಸುವ ಚಟ ನಮಗೆಲ್ಲ ಇದೆ. ಸರಾಸರಿ ಜವ ಎಂದರೆ ನಡೆದ ಒಟ್ಟು ದೂರವನ್ನು ಅದಕ್ಕೆ ಹಿಡಿದ ಒಟ್ಟು ಸಮಯದಿಂದ ಭಾಗಿಸಿದ್ದು, ಅಷ್ಟೇ. ನಿಮ್ಮ ಲೆಕ್ಕಕ್ಕೇ ಹಾಕಿ ನೋಡಿ. 90 ಮೀಟರ್ ಏರಲು 3 ನಿಮಿಷ, ಇಳಿಯಲು ಒಂದೂವರೆ ನಿಮಿಷ. ಒಟ್ಟು 180 ಮೀಟರ್, ನಾಲ್ಕೂವರೆ ನಿಮಿಷ. ಭಾಗಿಸಿದರೆ ನಿಮಿಷಕ್ಕೆ 40 ಮೀಟರ್, ಅಂದರೆ ಗಂಟೆಗೆ 2.4 ಕಿಲೋಮೀಟರ್. ನಿಧಾನವಾಗಿ ಏರುವ ಹೊತ್ತು ಇಳಿಯುವ ಹೊತ್ತಿನ ಎರಡು ಪಟ್ಟು ಇದೆ. ಹಾಗಾಗಿ ಸರಾಸರಿ ನಿಧಾನದ ಕಡೆಗೇ ವಾಲುತ್ತದೆ. 2 ನಿಮಿಷ ಏರಿ 2 ನಿಮಿಷ ಇಳಿದಿದ್ದರೆ ನಿಮ್ಮ 45 ಸರಿಯಾಗುತ್ತಿತ್ತು, ಆದರೆ ಸಾಲು ಗಡಿಯಾರ ನೋಡಿ ಮುಗಿಯುವುದಿಲ್ಲವಲ್ಲ. ಹೋಗುವ ದೂರ ಮತ್ತು ಬರುವ ದೂರ ಒಂದೇ ಆಗಿದ್ದಾಗ ಒಂದು ಒಳದಾರಿ ಇದೆ: ಎರಡು ಜವಗಳನ್ನು ಗುಣಿಸಿ, ಅದನ್ನು ಎರಡರಷ್ಟು ಮಾಡಿ, ಎರಡರ ಮೊತ್ತದಿಂದ ಭಾಗಿಸಿ. 30ನ್ನು 60ರಿಂದ ಗುಣಿಸಿದರೆ 1,800, ಎರಡರಷ್ಟು 3,600, ಅದನ್ನು 90ರಿಂದ ಭಾಗಿಸಿದರೆ ಮತ್ತೆ 40.

ನಾನೂ ಇದರಲ್ಲಿ ಮುಖ ಕೆಡಿಸಿಕೊಂಡವನೇ. ಒಮ್ಮೆ ಕಬ್ಬು ತುಂಬಿದ ಟ್ರ್ಯಾಕ್ಟರ್ 15 ಕಿಲೋಮೀಟರ್ ದೂರಕ್ಕೆ ಹೋಗಿತ್ತು. ತುಂಬಿ ಹೋಗುವಾಗ ಗಂಟೆಗೆ 10, ಖಾಲಿ ಬರುವಾಗ 30. ಸರಾಸರಿ 20, ಒಂದೂವರೆ ಗಂಟೆಯ ಓಡಾಟ ಎಂದು ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಇಳಿಸುವ ಹೊತ್ತು ಬಿಟ್ಟು ಡ್ರೈವರ್ ಎರಡು ಗಂಟೆ ತೋರಿಸಿದ. ಅರ್ಧ ಗಂಟೆ ಚಹಾದಂಗಡಿಯಲ್ಲಿ ಕೂತಿದ್ದೀಯ ಎಂದು ಬೈದುಬಿಟ್ಟೆ. ರಾತ್ರಿ ಲೆಕ್ಕ ಹಾಕಿದರೆ ಹೋಗಲು ಒಂದೂವರೆ ಗಂಟೆ, ಬರಲು ಅರ್ಧ ಗಂಟೆ. ಹುಡುಗ ಹೇಳಿದ್ದೇ ನಿಜ. ಮರುದಿನ ಚಹಾ ನಾನೇ ಕುಡಿಸಿದೆ.

ಈಗ ನಿಮ್ಮ ದ್ರಾವಣಕ್ಕೆ ಬರೋಣ. ಎರಡೆರಡು ಸಾಲಿಗೆ ಒಂದು ನಡಿಗೆ, ಎರಡು ಅಡಿ ಅಂತರದ ಸಾಲು, ಹಾಗಾಗಿ ಪಟ್ಟಿಯ ಅಗಲ 1.2 ಮೀಟರ್. ಎಕರೆಗೆ 4,047 ಚದರ ಮೀಟರ್, ಅಂದರೆ ಒಟ್ಟು ನಡಿಗೆ ಸುಮಾರು 3,370 ಮೀಟರ್. ಪಂಪ್ ನಿಮಿಷಕ್ಕೆ 1.2 ಲೀಟರ್ ಕೊಡುತ್ತದೆ ಎಂದಿದ್ದೀರಿ. 45ರ ಲೆಕ್ಕದಲ್ಲಿ 75 ನಿಮಿಷ, 90 ಲೀಟರ್. 40ರ ಲೆಕ್ಕದಲ್ಲಿ 84 ನಿಮಿಷ, 101 ಲೀಟರ್. ಕಡಿಮೆ ಬಿದ್ದ 11 ಲೀಟರ್ ಎಂದರೆ 9 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟರಲ್ಲಿ ಎರಡು ಸುತ್ತು, ಎರಡು ಸುತ್ತಿಗೆ ಎಂಟು ಸಾಲು. ನಿಮ್ಮ ಹೊಲದಲ್ಲಿ ಉಳಿದದ್ದು ಅಷ್ಟೇ. ಉಳಿದ ಸಾಲುಗಳಿಗೆ ಅದೇ ಹದದಲ್ಲಿ ಮತ್ತೆ ಕಲಸಿ ಹೊಡೆದಿದ್ದರೆ, ಎಕರೆಗೆ ಹೇಳಿದ ಪ್ರಮಾಣಕ್ಕಿಂತ ನೂರಕ್ಕೆ ಹನ್ನೆರಡೂವರೆ ಭಾಗ ಔಷಧಿ ಹೆಚ್ಚು ಬಿದ್ದಿದೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಪಂಪ್ ಒಂದೇ ಸಮನೆ ಬಿಡುತ್ತದೆ, ನಿಮ್ಮ ಕಾಲು ಒಂದೇ ಸಮನೆ ನಡೆಯುವುದಿಲ್ಲ. ಏರುವ ನಡಿಗೆಯಲ್ಲಿ ಮೀಟರಿಗೆ 40 ಮಿಲಿಲೀಟರ್ ಬೀಳುತ್ತದೆ, ಇಳಿಯುವ ನಡಿಗೆಯಲ್ಲಿ 20 ಮಾತ್ರ. ಎಕರೆಯ ಲೆಕ್ಕದಲ್ಲಿ ಹೇಳಿದರೆ ಏರು ಪಟ್ಟಿಗೆ 135 ಲೀಟರ್, ಪಕ್ಕದ ಇಳಿ ಪಟ್ಟಿಗೆ 67. 101 ಎಂಬ ಸರಾಸರಿ ಹೊಲದ ಯಾವ ಗಿಡಕ್ಕೂ ಸಿಕ್ಕಿಲ್ಲ. ಹೊಡೆದ ಮೇಲೂ ಎರಡು ಸಾಲು ಬಿಟ್ಟು ಎರಡು ಸಾಲಿನಲ್ಲಿ ಹುಳು ಕಂಡರೆ ಔಷಧಿ ನಕಲಿ ಎಂದು ಅಂಗಡಿಯವರ ಮೇಲೆ ಹೋಗುವ ಮೊದಲು ಇದನ್ನು ನೆನೆಸಿಕೊಳ್ಳಿ.

ಇಳಿಯುವಾಗ ಬೇಕೆಂದೇ ನಿಧಾನವಾಗಿ, ಏರುವಾಗಿನ 30ಕ್ಕೇ ನಡೆಯುವುದು ಸುಲಭದ ದಾರಿ. ಹೆಜ್ಜೆ ಎಣಿಸಿಕೊಳ್ಳಿ, ಅಭ್ಯಾಸವಾಗುತ್ತದೆ. ಆದರೆ ಆಗ ನೀರು ಎಕರೆಗೆ 135 ಲೀಟರ್ ಬೇಕು. ಎಕರೆಯ ಔಷಧಿಯನ್ನು 101ಕ್ಕಲ್ಲ, 135 ಲೀಟರಿಗೆ ಹಂಚಿ. ಮುಂದಿನ ಹಂಗಾಮಿಗೆ ಇಳಿಜಾರಿಗೆ ಅಡ್ಡಲಾಗಿ ಬಿತ್ತಿದರೆ ಈ ಏರಿಳಿತದ ಗೋಳೇ ಇರುವುದಿಲ್ಲ, ಮಣ್ಣೂ ಉಳಿಯುತ್ತದೆ.

ಅಳೆಯುವ ವಿಷಯದಲ್ಲಿ ಒಂದು ಮಾತು. ಬೆನ್ನ ಮೇಲೆ ಖಾಲಿ ಟ್ಯಾಂಕ್ ಹೊತ್ತು ನಡಿಗೆ ಅಳೆಯಬೇಡಿ, ಖಾಲಿ ಬೆನ್ನಿಗೆ ಎಲ್ಲರೂ ಓಡುತ್ತಾರೆ. ಬರೀ ನೀರು ಅರ್ಧ ಟ್ಯಾಂಕ್ ತುಂಬಿ, ಹಗ್ಗ ಹಿಡಿದು ಅಳೆದ ಸಾಲಿನಲ್ಲಿ ಮೂರು ಸಲ ಹೋಗಿ ಬನ್ನಿ, ಮೊಬೈಲಿನಲ್ಲಿ ಸಮಯ ಹಿಡಿಯಿರಿ. ಮೂರು ಸುತ್ತಿನ ದೂರ ಕೂಡಿ, ಮೂರು ಸುತ್ತಿನ ಸಮಯ ಕೂಡಿ, ಆಮೇಲೆ ಒಂದೇ ಸಲ ಭಾಗಿಸಿ. ನಾಜಲ್ ಬಿಡುವುದನ್ನೂ ಬಕೆಟ್ಟಿಗೆ ಒಂದು ನಿಮಿಷ ಹಿಡಿದು ಅಳೆಯಿರಿ, ಬ್ಯಾಟರಿ ಇಳಿದಾಗ ಇನ್ನೊಮ್ಮೆ. ಟ್ಯಾಂಕ್ ತುಂಬಿಸುವ ಹೊತ್ತನ್ನು ದ್ರಾವಣದ ಲೆಕ್ಕಕ್ಕೆ ಸೇರಿಸಬೇಡಿ, ಆಗ ನಾಜಲ್ ಮುಚ್ಚಿರುತ್ತದೆ. ಕೂಲಿಯ ಲೆಕ್ಕಕ್ಕೆ ಮಾತ್ರ ಸೇರಿಸಲೇಬೇಕು. ಏಳು ಸಲ ತುಂಬಲು ತಲಾ 10 ನಿಮಿಷ ಎಂದರೂ 84 ನಿಮಿಷದ ಕೆಲಸ 154 ನಿಮಿಷವಾಗುತ್ತದೆ, ಸರಾಸರಿ 40ರಿಂದ 22ಕ್ಕೆ ಇಳಿಯುತ್ತದೆ. ಎರಡೂ ಸರಿಯಾದ ಸರಾಸರಿಗಳೇ, ಕೇಳಿದ ಪ್ರಶ್ನೆ ಬೇರೆ.

ಇನ್ನು ಮಗಳ ಸೊನ್ನೆ. ಮಾತಿನಲ್ಲಿ ನಾವು ಎಲ್ಲದಕ್ಕೂ ವೇಗ ಎನ್ನುತ್ತೇವೆ, ಅವಳ ಪಠ್ಯಪುಸ್ತಕ ಜವ ಬೇರೆ, ವೇಗ ಬೇರೆ ಎಂದು ಇಟ್ಟಿದೆ. ಜವಕ್ಕೆ ನಡೆದ ದೂರ ಬೇಕು. ವೇಗಕ್ಕೆ ಸ್ಥಾನಪಲ್ಲಟ ಬೇಕು, ಅಂದರೆ ಹೊರಟ ಜಾಗದಿಂದ ಈಗ ನಿಂತ ಜಾಗಕ್ಕೆ ನೇರವಾಗಿ ಎಷ್ಟು, ಯಾವ ಕಡೆಗೆ ಎಂಬುದು. ಏರಿದ್ದನ್ನು ಕೂಡಿ, ಇಳಿದದ್ದನ್ನು ಕಳೆಯಿರಿ. 90 ಏರಿ 90 ಇಳಿದರೆ ಮತ್ತೆ ಬದುವಿನ ಬುಡದಲ್ಲೇ ನಿಂತಿದ್ದೀರಿ, ಸರಾಸರಿ ವೇಗ ಸೊನ್ನೆ. ಬೆವರಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಆದರೆ ಹೊಲದಲ್ಲಿ ಅದಕ್ಕೂ ಕೆಲಸವಿದೆ. ನಿಮ್ಮ 16 ಲೀಟರಿನ ಟ್ಯಾಂಕ್ 13 ನಿಮಿಷ 20 ಸೆಕೆಂಡಿಗೆ ಬರಿದಾಗುತ್ತದೆ. ಎರಡು ಸುತ್ತಿಗೆ 9 ನಿಮಿಷ. ಮತ್ತೆ 3 ನಿಮಿಷ ಏರು, ಉಳಿದ 1 ನಿಮಿಷ 20 ಸೆಕೆಂಡಿನಲ್ಲಿ 80 ಮೀಟರ್ ಇಳಿ. ನಡೆದದ್ದು 530 ಮೀಟರ್, ಆದರೆ ಟ್ಯಾಂಕ್ ಮುಗಿದಾಗ ನೀವು ಕೆಳಗಿನ ಬದುವಿನಿಂದ 10 ಮೀಟರ್ ಮೇಲೆ. ನೀರಿನ ಡ್ರಮ್ ಕೆಳಗಿನ ಬದುವಿನಲ್ಲೇ ಇರಲಿ ಎಂದು ಹೇಳುವುದು ಆ 10, 530 ಅಲ್ಲ. ಸಾಲು 120 ಮೀಟರ್ ಆಗಿದ್ದರೆ ಎರಡು ಸುತ್ತಿಗೇ 12 ನಿಮಿಷ ಹೋಗುತ್ತಿತ್ತು, ಮೂರನೆಯ ಏರಿನಲ್ಲಿ 40 ಮೀಟರ್ ಮೇಲೆ ಟ್ಯಾಂಕ್ ಕೈಕೊಡುತ್ತಿತ್ತು. ಅಂಥ ಕಡೆ ಹದಿನಾಲ್ಕೂವರೆ ಲೀಟರಿನಷ್ಟೇ ತುಂಬಿ ಎರಡು ಸುತ್ತಿಗೆ ನಿಲ್ಲಿಸುವುದು ಮೊಣಕಾಲಿಗೆ ಒಳ್ಳೆಯದು.

ಮಗಳಿಗೆ ಇದನ್ನೇ ಕೊಡಿ: ಹೊರಟ 4 ನಿಮಿಷಕ್ಕೆ ಅಪ್ಪ ಎಲ್ಲಿರುತ್ತಾನೆ? 90 ಏರಿ 60 ಇಳಿದು, ಬದುವಿನಿಂದ 30 ಮೀಟರ್ ಮೇಲೆ. ಸರಾಸರಿ ಜವ 37.5, ಸರಾಸರಿ ವೇಗ ಮೇಲ್ಮುಖವಾಗಿ 7.5. ಅವಳು ಉತ್ತರದಲ್ಲಿ ‘ಮೇಲ್ಮುಖವಾಗಿ’ ಎಂದು ಬರೆಯದಿದ್ದರೆ ಅರ್ಧ ಅಂಕ ಕಳೆಯಿರಿ.