ಜಾತ್ರೆ ಡ್ಯೂಟಿಗೆ ಅಮೆರಿಕ ಯಾಕೆ?

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನನ್ನ ಮಗಳು ಇಲ್ಲೇ ಬಿಡಿಎಸ್ ಮುಗಿಸಿ, ಸಾಲ ಮಾಡಿಕೊಂಡು ಅಮೆರಿಕದ ಫಿಲಡೆಲ್ಫಿಯಾಗೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಲು ಹೋಗಿದ್ದಾಳೆ. 2026ರ ಜೂನ್, ಜುಲೈನಲ್ಲಿ ಆ ಊರಿಗೆ ಫುಟ್‌ಬಾಲ್ ವಿಶ್ವಕಪ್ ಪಂದ್ಯಗಳು, ಅಮೆರಿಕದ 250ನೇ ಹುಟ್ಟುಹಬ್ಬ ಎಲ್ಲ ಒಟ್ಟಿಗೆ ಬಂದಿವೆಯಂತೆ. ಅದರ ಸಿದ್ಧತೆಗೆಂದು ನಗರದ ಆರೋಗ್ಯ ಇಲಾಖೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಏನಮ್ಮಾ ಕೆಲಸ ಎಂದರೆ, ಹೋಟೆಲ್‌ಗಳಿಗೆ ಫೋನ್ ಮಾಡೋದು, ಎಕ್ಸೆಲ್‌ನಲ್ಲಿ ಪಟ್ಟಿ ಮಾಡೋದು ಎನ್ನುತ್ತಾಳೆ. ಸಂಬಳವೂ ಇಲ್ಲ. ‘ಜಾತ್ರೇಲಿ ನೀರು ಕೊಡೋ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿತ್ತಾ’ ಎಂದು ನಮ್ಮ ಯಜಮಾನರು ದಿನಾ ಗೊಣಗುತ್ತಾರೆ. ಇದರಿಂದ ಅವಳಿಗೆ ಏನಾದರೂ ಉಪಯೋಗ ಇದೆಯೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಯಜಮಾನರು ಬೈಯಲು ಹೋಗಿ ಸರಿಯಾದ ಮಾತನ್ನೇ ಆಡಿದ್ದಾರೆ ತಾಯಿ. ಅದು ಜಾತ್ರೆ ಡ್ಯೂಟಿಯೇ. ತಾಲ್ಲೂಕು ಆರೋಗ್ಯಾಧಿಕಾರಿಯಾಗಿ ನಿವೃತ್ತಳಾಗುವವರೆಗೆ ನಾನು ಬೇಸಿಗೆಯಲ್ಲಿ ಮಾಡಿದ್ದೂ ಅದನ್ನೇ. ನಿಮ್ಮೂರಿನ ದುಗ್ಗಮ್ಮನ ಜಾತ್ರೆಗೆ ನೀವು ಹೋಗಿರುತ್ತೀರಿ. ಅಲ್ಲಿ ನಲ್ಲಿ ತಿರುಗಿಸಿ ನೀರು ಕುಡಿದಿರುತ್ತೀರಿ. ಆ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಉಳಿದಿದೆಯಾ ಎಂದು ಯಾರೋ ಬೆಳಿಗ್ಗೆಯೇ ಬಂದು ನೋಡಿ ಹೋಗಿರುತ್ತಾರೆ. ಟ್ಯಾಂಕ್‌ಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರೆ ಮುಗಿಯಲಿಲ್ಲ. ಕಟ್ಟಕಡೆಯ ನಲ್ಲಿಯಲ್ಲಿ ನೋಡಬೇಕು.

ಮೊದಲು ಹೋಟೆಲ್ ಫೋನಿನ ವಿಷಯ ಹೇಳುತ್ತೇನೆ. ಇದನ್ನು ಯಜಮಾನರಿಗೆ ಓದಿ ಹೇಳಿ.

1976ರ ಜುಲೈ. ಅಮೆರಿಕಕ್ಕೆ ಆಗ 200 ತುಂಬಿತ್ತು. ಇದೇ ಫಿಲಡೆಲ್ಫಿಯಾದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಎಂಬ ಹೋಟೆಲ್‌ನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮ್ಮೇಳನ ನಡೆಯಿತು. ನಾಲ್ಕು ದಿನ ಇದ್ದು ಎಲ್ಲರೂ ತಂತಮ್ಮ ಊರಿಗೆ ಹೋದರು. ಆಮೇಲೆ ಶುರುವಾಯಿತು ಜ್ವರ, ಕೆಮ್ಮು, ನ್ಯುಮೋನಿಯಾ. ಒಬ್ಬೊಬ್ಬರು ಒಂದೊಂದು ಊರಿನ ಆಸ್ಪತ್ರೆ ಸೇರಿದ್ದರು. ಇವರೆಲ್ಲ ಒಂದೇ ಹೋಟೆಲ್‌ನಿಂದ ಬಂದವರು ಎಂದು ಆಯಾ ಊರಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? 200ಕ್ಕೂ ಹೆಚ್ಚು ಜನರಿಗೆ ಕಾಯಿಲೆಯಾಯಿತು. 34 ಜನ ತೀರಿಕೊಂಡರು. ಕಾರಣವಾದ ಬ್ಯಾಕ್ಟೀರಿಯಾ ಸಿಕ್ಕಿದ್ದು 1977ರ ಜನವರಿಯಲ್ಲಿ. ಆ ಸಂಘದ ಹೆಸರಿನ ಮೇಲೇ ಅದನ್ನು ಲೀಜಿಯೊನೆಲ್ಲಾ ಎಂದು ಕರೆದರು. ದೊಡ್ಡ ಎಸಿಗಳ ಬಿಸಿಯನ್ನು ನೀರಿನಿಂದ ಹೊರಹಾಕುವ ಕೂಲಿಂಗ್ ಟವರ್‌ನ ನೀರಿನಲ್ಲಿ ಅದು ಬೆಳೆಯುತ್ತದೆ. ಸಣ್ಣ ಹನಿಗಳ ಜೊತೆ ಗಾಳಿಗೆ ಬಂದು ಎದೆ ಸೇರುತ್ತದೆ.

ಸರಿಯಾಗಿ 50 ವರ್ಷದ ಮೇಲೆ ಅದೇ ಊರು, ಅದೇ ಜುಲೈ ತಿಂಗಳು. ಈಗ ಹೇಳಿ, ಹೋಟೆಲ್‌ಗಳಿಗೆ ಫೋನ್ ಮಾಡುವುದು ಗುಮಾಸ್ತಿಕೆಯಾ? ಯಾವ ಹೋಟೆಲ್‌ನಲ್ಲಿ ಕೂಲಿಂಗ್ ಟವರ್ ಇದೆ, ಯಾವಾಗ ತೊಳೆದರು, ನಡುರಾತ್ರಿ ಫೋನ್ ಮಾಡಿದರೆ ಎತ್ತುವವರು ಯಾರು. ಈ ಪಟ್ಟಿ ಜನ ಬರುವ ಮೊದಲೇ ಕೈಯಲ್ಲಿ ಇರಬೇಕು. ಬಂದ ಮೇಲೆ ಹುಡುಕುತ್ತಾ ಕೂತರೆ ಅಷ್ಟರಲ್ಲಿ ಅತಿಥಿಗಳು ವಿಮಾನ ಹತ್ತಿರುತ್ತಾರೆ. ದಡಾರದಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಸೋಂಕು ತಗುಲಿ ಜ್ವರ ಬರಲು ಸುಮಾರು 10-12 ದಿನ ಬೇಕು. ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ಅದು ಬೇರೆಯವರಿಗೆ ಹರಡುತ್ತದೆ. 2025ರಲ್ಲಿ ಅಮೆರಿಕ ಕಂಡಷ್ಟು ದಡಾರವನ್ನು 1992ರ ನಂತರ ಅಲ್ಲಿಯವರೆಗೆ ಯಾವ ವರ್ಷವೂ ಕಂಡಿರಲಿಲ್ಲ. ಆದ್ದರಿಂದ ಅವರ ತಲೆಬಿಸಿ ಸುಮ್ನೆ ಅಲ್ಲ.

ಇನ್ನು ಎಕ್ಸೆಲ್ ಪಟ್ಟಿ. ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಇವತ್ತು ವಾಂತಿ-ಭೇದಿ ಎಂದು ಬಂದವರೆಷ್ಟು, ಜ್ವರದ ಜೊತೆ ದದ್ದು ಎಂದು ಬಂದವರೆಷ್ಟು, ಹಿಂದಿನ ವರ್ಷ ಇದೇ ವಾರದಲ್ಲಿ ಎಷ್ಟಿತ್ತು. ರೋಗ ಯಾವುದು ಎಂದು ಲ್ಯಾಬ್ ಹೇಳುವ ಮೊದಲೇ ಸಂಖ್ಯೆ ಏರಿದ್ದು ಕಣ್ಣಿಗೆ ಬೀಳಬೇಕು. ನಮ್ಮಲ್ಲೂ ಇದು ಇದೆ. 2004ರಲ್ಲಿ ಶುರುವಾದ ಐಡಿಎಸ್‌ಪಿ ಎಂಬ ರೋಗಗಳ ಮೇಲೆ ಕಣ್ಣಿಡುವ ಯೋಜನೆಯಲ್ಲಿ ಎಸ್ (ಬರೀ ಲಕ್ಷಣ), ಪಿ (ಡಾಕ್ಟರ ಅಂದಾಜು), ಎಲ್ (ಲ್ಯಾಬ್ ಖಚಿತಪಡಿಸಿದ್ದು) ಎಂದು ಮೂರು ಫಾರಂ. ಎಸ್ ಫಾರಂ ತುಂಬುವವರು ಡಾಕ್ಟರುಗಳಲ್ಲ, ಊರಿನ ಆರೋಗ್ಯ ಕಾರ್ಯಕರ್ತೆಯರು. ಒಮ್ಮೆ ಜಾತ್ರೆ ಮುಗಿದ ಮೇಲೆ ಒಂದೇ ಉಪಕೇಂದ್ರದ ಭೇದಿ ಲೆಕ್ಕ ಮೇಲೆ ಹೋಯಿತು. ಅಲ್ಲಿನ ಸಿಸ್ಟರ್ ಮನೆಮನೆಗೆ ಹೋಗಿ ಕೇಳಿದಳು. ಎಲ್ಲರೂ ಒಂದೇ ಗಾಡಿಯಲ್ಲಿ ಕಬ್ಬಿನ ಹಾಲು ಕುಡಿದಿದ್ದರು. ನಮ್ಮ ಅನುಮಾನ ಹೋಗಿದ್ದು ಕಬ್ಬಿನ ಮೇಲಲ್ಲ, ಐಸಿನ ಮೇಲೆ. ಮೀನು ಇಡಲು ಮಾಡುವ ಐಸನ್ನು ಲೋಟಕ್ಕೆ ಹಾಕುವವರು ಇದ್ದೇ ಇರುತ್ತಾರೆ. ಇವತ್ತಿಗೂ ನಾನು ಜಾತ್ರೆಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತೇನೆ, ಐಸು ಮುಟ್ಟುವುದಿಲ್ಲ.

ಬಿಸಿಲಿನ ಮಾತು ಬಿಟ್ಟರೆ ಉತ್ತರ ಪೂರ್ತಿಯಾಗುವುದಿಲ್ಲ. ನಮಗೆ ಮಳೆ ಹಿಡಿಯುವ ಹೊತ್ತಿಗೆ ಅವರಿಗೆ ಬೇಸಿಗೆ. ಅದೂ ಬೆವರು ಆರದ, ಸೆಕೆಯ ಬೇಸಿಗೆ. 1993ರ ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಬಿಸಿಗಾಳಿಗೆ 118 ಜನ ಸತ್ತರು. ಹೆಚ್ಚಿನವರು ವಯಸ್ಸಾದವರು. ಒತ್ತೊತ್ತಾಗಿ ಕಟ್ಟಿದ ಇಟ್ಟಿಗೆ ಮನೆಗಳ ಮಹಡಿಯಲ್ಲಿ, ಕಿಟಕಿ ಮುಚ್ಚಿಕೊಂಡು ಒಬ್ಬರೇ ಇದ್ದವರು. ಆಮೇಲೆ, 1995ರಿಂದ, ಅಲ್ಲಿ ಬಿಸಿಲಿನ ಮುನ್ನೆಚ್ಚರಿಕೆಗೇ ಒಂದು ವ್ಯವಸ್ಥೆ ಬಂತು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಹಿರಿಯರಿಗೆಂದೇ ಹೀಟ್‌ಲೈನ್ ಎಂಬ ಫೋನ್ ಇದೆ. ಬೀದಿಗೊಬ್ಬರು ಬ್ಲಾಕ್ ಕ್ಯಾಪ್ಟನ್ ಇದ್ದು, ಪಕ್ಕದ ಅಜ್ಜ-ಅಜ್ಜಿಯರನ್ನು ಹೋಗಿ ವಿಚಾರಿಸುತ್ತಾರೆ. ಪಂದ್ಯದ ದಿನ ಎಲ್ಲರ ಕಣ್ಣೂ ಸ್ಟೇಡಿಯಂ ಮೇಲೆ. ಆಂಬುಲೆನ್ಸೂ ಅಲ್ಲೇ, ನರ್ಸುಗಳೂ ಅಲ್ಲೇ. ಟಿಕೆಟ್ ಕೊಳ್ಳದೆ ಮನೆಯಲ್ಲಿ ಕೂತ ಅಜ್ಜಿಯ ಗತಿ ಏನು? ನಿಮ್ಮ ಮಗಳು ತನ್ನ ಮೇಲಿನವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ನನ್ನ ಪ್ರಕಾರ ಇಡೀ ಸಿದ್ಧತೆ ಎಷ್ಟು ಗಟ್ಟಿ ಎನ್ನುವುದು ಅದರ ಉತ್ತರದಲ್ಲೇ ತಿಳಿಯುತ್ತದೆ.

ಅವಳಿಗೆ ಇನ್ನೆರಡು ಮಾತು. ನೀರಿನ ಬಾಟಲಿ ಹಂಚುವ ಟೆಂಟ್‌ನಲ್ಲಿ ಕೂರಿಸಿದರೆ ಕೂರಲಿ, ಆದರೆ ಅಲ್ಲೇ ಬೇಸಿಗೆ ಕಳೆಯುವುದು ಬೇಡ. ಬೆಳಗಿನ ಸಭೆಗೆ ಕೂರಿಸಿಕೊಳ್ಳಿ ಎಂದು ಕೇಳಲಿ. ಟೇಬಲ್‌ಟಾಪ್ ಎಂದು ಮಾಡುತ್ತಾರೆ. ‘ಸಂಜೆ ಆರಕ್ಕೆ ಕರೆಂಟ್ ಹೋಯಿತು, 40 ಜನ ತಲೆಸುತ್ತಿ ಬಿದ್ದರು, ಯಾರು ಏನು ಮಾಡ್ತೀರಿ’ ಎಂಬ ರೀತಿಯ ಅಣಕು ಕಸರತ್ತು ಅದು. ಅಲ್ಲಿ ಟಿಪ್ಪಣಿ ಬರೆಯುವ ಕೆಲಸ ಬಿಡಬಾರದು. ಪೊಲೀಸ್, ಅಗ್ನಿಶಾಮಕ, ಆರೋಗ್ಯ, ಮೂವರೂ ‘ಅದು ಅವರ ಕೆಲಸ’ ಎಂದು ಕೈ ತೋರಿಸುವ ಜಾಗ ಕಾಣುವುದು ಅಲ್ಲೇ. ಎಂಪಿಎಚ್‌ನಲ್ಲಿ ಇಂಥ ಅನುಭವದಿಂದ ಕನಿಷ್ಠ ಎರಡು ಬರಹ ಅಥವಾ ಕೆಲಸದ ತುಣುಕು ಕಾಲೇಜಿಗೆ ಕೊಡಬೇಕಾಗುತ್ತದೆ. ಆ ಹೋಟೆಲ್ ಪಟ್ಟಿಯನ್ನೇ ಚೆನ್ನಾಗಿ ಮಾಡಿದರೆ ಒಂದು ಅಲ್ಲೇ ಸಿಕ್ಕಿತು.

ಸಂಬಳ ಇಲ್ಲ ಎನ್ನುವುದು ನನಗೂ ಹಿಡಿಸುವುದಿಲ್ಲ. ಬ್ಯಾಂಕಿನವರು ಇಂಟರ್ನ್‌ಶಿಪ್ ಎಂದರೆ ಬಡ್ಡಿ ಬಿಡುತ್ತಾರಾ? ಇಲಾಖೆಯಿಂದ ಬರದಿದ್ದರೆ ಕಾಲೇಜಿನಲ್ಲಿ ಬೇಸಿಗೆ ಸಹಾಯಧನ ಇದೆಯಾ ಎಂದು ವಿಚಾರಿಸಲಿ. ವಿದ್ಯಾರ್ಥಿ ವೀಸಾದಲ್ಲಿ ಇರುವವಳಾದ್ದರಿಂದ ಸಿಪಿಟಿ (ಓದುವಾಗ ಓದಿನ ಭಾಗವಾಗಿ ಕೆಲಸ ಮಾಡುವ) ಅನುಮತಿ ಬೇಕಾ ಎಂದು ಕಾಲೇಜಿನ ವೀಸಾ ಕಚೇರಿಯಲ್ಲಿ ಕೇಳಿ, ಬೇಕಾದರೆ ಕಾಲೇಜು ಕೊಡುವ ಐ-20 ಪತ್ರದಲ್ಲಿ ಬರೆಸಿಕೊಂಡೇ ಕೆಲಸಕ್ಕೆ ಕಾಲಿಡಲಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ಆದರೆ ಮುಂದಿನ ಒಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅನುಮತಿ, ಕೈತಪ್ಪುತ್ತದೆ. ಒಂದು ಬೇಸಿಗೆಯಿಂದ ಏನೂ ಆಗದು.

ಪ್ರಶ್ನೆ: ಮೇಡಂ, ನಾನು ಇಲ್ಲೇ ಎಂಪಿಎಚ್ ಓದುತ್ತಿದ್ದೇನೆ. ಜನ ಸೇರುವ ಕಡೆ ಆರೋಗ್ಯ ಸಿದ್ಧತೆ ಮಾಡುವ ಇಂಥ ಕೆಲಸ ಕಲಿಯಲು ಕರ್ನಾಟಕದಲ್ಲಿ ಅವಕಾಶ ಇದೆಯೇ?
– ಒಬ್ಬ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಅದಕ್ಕೆಂದೇ ಬೋರ್ಡು ಹಾಕಿದ ಜಾಗ ಹುಡುಕಬೇಡಪ್ಪಾ. ಕೆಲಸವಂತೂ ರಾಶಿ ಬಿದ್ದಿದೆ. 2023ರ ಏಪ್ರಿಲ್‌ನಲ್ಲಿ ನವಿ ಮುಂಬೈಯ ಖಾರ್‌ಘರ್‌ನಲ್ಲಿ ಬಯಲಲ್ಲಿ ಪ್ರಶಸ್ತಿ ಸಮಾರಂಭ ನಡೆದು, ಬಿಸಿಲಿಗೆ 14 ಜನ ಸತ್ತರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ. ಜಾತ್ರೆಗಾದರೂ ತಿಂಗಳ ಮೊದಲೇ ಪೂರ್ವಭಾವಿ ಸಭೆ ಸೇರುತ್ತದೆ. ದಿಢೀರನೆ ಸೇರುವ ಜನಕ್ಕೆ ಅದೂ ಇರುವುದಿಲ್ಲ.

ನಂಜನಗೂಡಿನ ದೊಡ್ಡ ಜಾತ್ರೆಯೋ, ಶಿರಸಿಯ ಮಾರಿಕಾಂಬಾ ಜಾತ್ರೆಯೋ, ಒಂದನ್ನು ಆರಿಸಿಕೋ. ಎರಡು ತಿಂಗಳು ಮೊದಲೇ ಕಾಲೇಜಿನ ಪತ್ರ ಹಿಡಿದು ಆ ಜಿಲ್ಲೆಯ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೆ ಹೋಗು. ರೋಗಗಳ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾಧಿಕಾರಿ ಅಲ್ಲೇ ಸಿಗುತ್ತಾರೆ. ಪೂರ್ವಭಾವಿ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬರೆದುಕೋ, ಮಾತಾಡಬೇಡ. ಜಾತ್ರೆಯ ದಿನ ಹಿರಿಯ ಆರೋಗ್ಯ ನಿರೀಕ್ಷಕರ ಬೆನ್ನು ಬಿಡಬೇಡ, ಊರಿನ ಮೂಲೆ ಮೂಲೆ ಅವರಿಗೆ ಗೊತ್ತು. ಸಾಧ್ಯವಾದರೆ ಮುಗಿದ ಮೇಲೂ ಎರಡು ವಾರ ಉಳಿದುಕೊಂಡು ಸುತ್ತಲಿನ ಉಪಕೇಂದ್ರಗಳ ಲೆಕ್ಕ ನೋಡು. ಮತ್ತೆ, ಚಪ್ಪಲಿ ಹಾಕಿಕೊಂಡು ಬರಬೇಡ. ಶೂ ಇರಲಿ, ಕೆಸರಿರುತ್ತದೆ.