ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಲೇಥಿಗೆ ಕೊಡಬೇಕೋ, ಹೊಸದು ಹಾಕಬೇಕೋ?

ನಮಸ್ಕಾರ್ರೀ. ನೀವು ಕೇಳಿದ್ದು ಇಷ್ಟು: ಸಣ್ಣ ಹ್ಯಾಚ್‌ಬ್ಯಾಕ್ ಕಾರು, 62,000 ಕಿ.ಮೀ. ಓಡಿದೆ. ಹಾವೇರಿಯಿಂದ ಹುಬ್ಬಳ್ಳಿಗೆ ಬರುವಾಗ 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆ, ಪೆಡಲ್ ಕಾಲಿಗೆ ಮಿಡಿಯುತ್ತದೆ. ಮುಂದಿನ ಎರಡೂ ಡಿಸ್ಕ್ (ಗಾಲಿಯ ಜೊತೆ ತಿರುಗುವ ಬ್ರೇಕ್ ತಟ್ಟೆ) ಲೇಥಿಗೆ ಹಚ್ಚಿಸಿ ಮೇಲ್ಮೈ ಕೊರೆಸಿದರೆ ಸಾಕು ಎಂದು ಒಬ್ಬ ಮೆಕ್ಯಾನಿಕ್ ಹೇಳಿದ್ದಾರೆ, ಹೊಸದೇ ಹಾಕಬೇಕು ಎಂದು ಇನ್ನೊಬ್ಬರು. ಇಬ್ಬರೂ ಡಿಸ್ಕಿನ ದಪ್ಪ ಅಳೆದಿಲ್ಲ ಎಂದು ನೀವೇ ಬರೆದಿದ್ದೀರಿ. ಅಳೆಯದೆ ಹೇಳಿದ ಎರಡೂ ಮಾತು ಅಂದಾಜಿನವೇ. ಸದ್ಯ ಯಾವುದಕ್ಕೂ ದುಡ್ಡು ಕೊಡಬೇಡಿ.

ಮೊದಲು ದೋಷ ಮುಂದಿನ ಡಿಸ್ಕಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಬ್ರೇಕ್ ಮುಟ್ಟದಿದ್ದರೂ ನಡುಕ ಇದ್ದರೆ ಅದು ಗಾಲಿಯ ಬ್ಯಾಲೆನ್ಸಿಂಗ್ ಅಥವಾ ಟೈರಿನ ತೊಂದರೆ. ಬ್ರೇಕ್ ಒತ್ತಿದಾಗ ಮಾತ್ರ ಬಂದು, ಕಾಲು ತೆಗೆದ ಕೂಡಲೇ ನಿಂತರೆ ಬ್ರೇಕಿನದು. ಸ್ಟೇರಿಂಗ್ ಸುಮ್ಮನಿದ್ದು ಸೀಟು, ಪೆಡಲ್ ಮಾತ್ರ ಮಿಡಿದರೆ ಹಿಂದಿನ ಗಾಲಿಯ ಬ್ರೇಕ್ ಡ್ರಮ್ ಮೇಲೆ ಅನುಮಾನ ಪಡಿ. ಅದನ್ನು ನೋಡಲು ಸರಳ ದಾರಿ ಇದೆ: ಖುಲ್ಲಾ ರಸ್ತೆಯಲ್ಲಿ, ಹಿಂದೆ ಮುಂದೆ ಯಾವ ಗಾಡಿಯೂ ಇಲ್ಲದಾಗ, 40ರ ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದೇ ನಿಧಾನಕ್ಕೆ ಸ್ವಲ್ಪ ಎಳೆಯಿರಿ. ಅದು ಹಿಂದಿನ ಗಾಲಿಗಳನ್ನಷ್ಟೇ ಹಿಡಿಯುವುದರಿಂದ, ಆಗಲೂ ಮಿಡಿತ ಬಂದರೆ ಡ್ರಮ್ ನೋಡಿಸಬೇಕು. ಕಡಿ, ಉಸುಕಿನ ಮೇಲೆ ಜೋರಾಗಿ ಒತ್ತಿದಾಗ ಪೆಡಲ್ ಗರಗರ ಎನ್ನುವುದು ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ಕೆಲಸ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈಗ ಮುಖ್ಯ ಮಾತು. "ಡಿಸ್ಕ್ ಬೆಂಡ್ ಆಗೈತಿ" ಎನ್ನುವುದು ಎಲ್ಲ ಗ್ಯಾರೇಜಿನಲ್ಲೂ ಕೇಳುವ ಮಾತು. ಆದರೆ ಹೆಚ್ಚಿನ ಸಲ ಡಿಸ್ಕ್ ಬಾಗಿರುವುದಿಲ್ಲ, ಸುತ್ತಲೂ ಅದರ ದಪ್ಪ ಒಂದೇ ಸಮ ಉಳಿದಿರುವುದಿಲ್ಲ. ಒಂದು ಕಡೆಗೂ ಇನ್ನೊಂದು ಕಡೆಗೂ 0.02 ಮಿ.ಮೀ. ವ್ಯತ್ಯಾಸ ಬಿದ್ದರೂ ಸಾಕು, ದಪ್ಪ ಜಾಗ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಪ್ಯಾಡಿನ ನಡುವೆ ಬಂದಾಗಲೆಲ್ಲ ಪ್ಯಾಡ್ ಒತ್ತುವ ಪಿಸ್ಟನ್ ಹಿಂದೆ ತಳ್ಳಿಸಿಕೊಂಡು ಪೆಡಲ್ ಮಿಡಿಯುತ್ತದೆ. ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ ಎರಡು. ಡಿಸ್ಕ್ ತನ್ನ ಹಬ್ಬಿನ (ಗಾಲಿ, ಡಿಸ್ಕ್ ಎರಡನ್ನೂ ಹೊತ್ತು ತಿರುಗುವ ನಡುಭಾಗ) ಮೇಲೆ ಕೊಂಚ ಓರೆಯಾಗಿ ಕೂತಿದ್ದರೆ ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ಸವರುತ್ತ ಹೋಗುತ್ತದೆ, ಸಾವಿರಾರು ಕಿ.ಮೀ. ಆಗುವಷ್ಟರಲ್ಲಿ ಆ ಜಾಗ ತೆಳುವಾಗುತ್ತದೆ. ಎರಡನೆಯದು, ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ಹಿಡಿದು ನಿಂತಾಗ ಪ್ಯಾಡಿನ ಮಸಾಲೆ (ಡಿಸ್ಕಿಗೆ ತಿಕ್ಕುವ ಪದರ) ಅಲ್ಲಿ ಅಂಟಿ ಒಂದು ತೇಪೆಯಂತೆ ಕೂಡುತ್ತದೆ. ಇದಕ್ಕೇ ನಾನು ಒತ್ತಿ ಹೇಳುವುದು: ಲೇಥ್ ಹೊಡೆಸಿದರೂ ಹೊಸದು ಹಾಕಿದರೂ, ಡಿಸ್ಕ್ ಓರೆ ಕೂರಲು ಕಾರಣವಾದದ್ದನ್ನು ತೆಗೆಯದಿದ್ದರೆ ಆರು ತಿಂಗಳಲ್ಲಿ ಅದೇ ನಡುಕ ಮರಳಿ ಬರುತ್ತದೆ.

ಅಳತೆಗೆ 0–25 ಮಿ.ಮೀ. ಮೈಕ್ರೋಮೀಟರ್ ಬೇಕು. ವರ್ನಿಯರ್ ಇಲ್ಲಿ ಮೋಸ ಮಾಡುತ್ತದೆ. ಡಿಸ್ಕಿನ ಹೊರ ಅಂಚಿಗೆ ಪ್ಯಾಡ್ ತಾಗುವುದಿಲ್ಲವಾದ್ದರಿಂದ ಅಲ್ಲಿ ತುಕ್ಕಿನ ಏಣು ಎದ್ದಿರುತ್ತದೆ, ವರ್ನಿಯರಿನ ದವಡೆ ಆ ಏಣಿನ ಮೇಲೇ ಕೂತು ದಪ್ಪ ಹೆಚ್ಚು ತೋರಿಸುತ್ತದೆ. ಅಂಚಿನಿಂದ 10 ಮಿ.ಮೀ. ಒಳಗೆ, ಸುತ್ತಲೂ ಎಂಟು ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಅಳೆದು ಬರೆದುಕೊಳ್ಳಿ. ಎಂಟರಲ್ಲಿ ಅತಿ ಕಡಿಮೆ ಬಂದದ್ದೇ ನಿಮ್ಮ ಡಿಸ್ಕಿನ ದಪ್ಪ. ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇರುವ ಅಂತರವೇ ನಡುಕದ ಮೂಲ. ಇನ್ನು, ಡಿಸ್ಕಿನ ಟೊಪ್ಪಿಗೆಯ (ನಡುವಿನ ಉಬ್ಬು ಭಾಗ) ಮೇಲೋ ಹೊರ ಅಂಚಿನ ಮೇಲೋ "ಮಿನ್ ಟಿಎಚ್" ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೊರೆದು ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ವೈರ್ ಬ್ರಷ್ ಹಾಕಿ ತಿಕ್ಕಿದರೆ ಕಾಣುತ್ತದೆ. ಅದು ಡಿಸ್ಕನ್ನು ತೆಗೆದೊಗೆಯಬೇಕಾದ ದಪ್ಪ, ಲೇಥಿನಲ್ಲಿ ಅಲ್ಲಿಯವರೆಗೆ ಕೊರೆಯಬಹುದು ಎಂಬ ಅರ್ಥವಲ್ಲ. ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಒಂದು ಲೆಕ್ಕ ನೋಡಿ. ಹೊಸದಿದ್ದಾಗ 20 ಮಿ.ಮೀ., ಮಿನಿಮಮ್ 18 ಎಂದು ಬರೆದಿದೆ ಎನ್ನೋಣ. ಈಗ 19.1 ಬಂದಿದೆ, ಎರಡೂ ಬದಿಗೆ 0.3 ಮಿ.ಮೀ. ಆಳದ ಗೀರು ಇವೆ. ಗೀರು ಪೂರ್ತಿ ಹೋಗಬೇಕಾದರೆ ಒಂದೊಂದು ಬದಿಗೆ 0.35 ತೆಗೆಯಬೇಕು, ಒಟ್ಟು 0.7. ಉಳಿದದ್ದು 18.4. ಮುಂದಿನ ಸೆಟ್ ಪ್ಯಾಡ್ ಸವೆಯುವಷ್ಟರಲ್ಲಿ ಆ ಉಳಿದ 0.4 ಕೂಡ ಹೋಗಿ, ಡಿಸ್ಕ್ ಮಿತಿ ದಾಟಿದ್ದು ಯಾರಿಗೂ ಗೊತ್ತಾಗುವುದಿಲ್ಲ. ತೆಳು ಡಿಸ್ಕ್ ಬಿಸಿ ತಾಳುವುದೂ ಕಡಿಮೆ, ಬೇಗ ಮತ್ತೆ ನಡುಗುತ್ತದೆ. ಲೇಥ್ ಆದ ಮೇಲೆ ಮಿನಿಮಮ್‌ಗಿಂತ 0.7–0.8 ಮಿ.ಮೀ. ಆದರೂ ಹೆಚ್ಚು ಉಳಿಯುವಂತಿದ್ದರೆ ಮಾತ್ರ ಲೇಥಿಗೆ ಕೊಡಿ. ಎರಡೂ ಡಿಸ್ಕಿನ ಲೇಥ್ ಖರ್ಚು ಹೊಸ ಜೋಡಿಯ ಬೆಲೆಯ ಅರ್ಧ ದಾಟಿದರೂ ಹೊಸದೇ ಲೇಸು.

ಅಳತೆ ಸರಿ ಇದ್ದರೂ ಲೇಥಿಗೆ ಕೊಡಬಾರದ ಡಿಸ್ಕುಗಳಿವೆ. ನೀಲಿ-ಕಪ್ಪು ಚುಕ್ಕೆ ಬಿದ್ದಿದ್ದರೆ ಅಲ್ಲಿ ಬೀಡುಕಬ್ಬಿಣ ಅತಿಯಾದ ಬಿಸಿಗೆ ಗಡಸಾಗಿರುತ್ತದೆ. ಮೇಲಿನ ಪದರ ಕೊರೆದರೂ ಒಳಗಿನ ಗಡಸು ಹಾಗೇ ಉಳಿದು, ಸುತ್ತಲಿನ ಮೆತ್ತಗಿನ ಭಾಗ ಮೊದಲು ಸವೆದು ಆ ಚುಕ್ಕೆ ಮತ್ತೆ ದಿಬ್ಬದಂತೆ ಏಳುತ್ತದೆ. ಅಂಚಿನವರೆಗೆ ಹೋದ ಬಿರುಕು, ನಡುವಿನ ಗಾಳಿಕಿಂಡಿಯ ಪಟ್ಟಿಗಳು ತುಕ್ಕು ಹಿಡಿದು ಉದುರುತ್ತಿರುವುದು, ಇವೂ ಹೊಸದಕ್ಕೇ ಹೋಗಬೇಕಾದವು. ಆದರೆ ಉಗುರಿಗೆ ಸಣ್ಣಗೆ ಗೀರು ಸಿಕ್ಕಿತು ಎಂದೋ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ರಾತ್ರಿ ನಿಂತ ಕಾರಿನ ಡಿಸ್ಕ್ ಬೆಳಗ್ಗೆ ಕೆಂಪಾಗಿತ್ತು ಎಂದೋ ಬದಲಿಸಬೇಡಿ. ಆ ಕೆಂಪು ನಾಲ್ಕೈದು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.

ಲೇಥಿಗೆ ಕೊಡುವುದಾದರೆ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್, ತಾರಿಹಾಳ ಕಡೆ ಟರ್ನರುಗಳಿಗೆ ಕೊರತೆಯಿಲ್ಲ, ಆದರೆ ಕೆಲಸ ಹೇಗಾಗಬೇಕು ಎಂದು ನೀವು ಹೇಳಬೇಕು. ಡಿಸ್ಕಿನ ಹೊರ ಅಂಚನ್ನು ಲೇಥಿನ ಚಕ್‌ಗೆ (ಹಿಡಿಯುವ ದವಡೆಗೆ) ಹಿಡಿಸಿ ಕೊರೆಯಬಾರದು. ನಡುವಿನ ತೂತು ಮತ್ತು ಹಬ್ಬಿಗೆ ತಾಗುವ ಒಳಮುಖ, ಇವೆರಡರ ಮೇಲೇ ಕೂರಿಸಬೇಕು. ಆ ಒಳಮುಖಕ್ಕೆ ಡಯಲ್ ಗೇಜ್ (ಓರೆ ಅಳೆಯುವ ಮುಳ್ಳಿನ ಮೀಟರ್) ಇಟ್ಟು ತಿರುಗಿಸಿದಾಗ ಮುಳ್ಳು 0.03 ಮಿ.ಮೀ. ಮೀರಿ ಆಡಬಾರದು. ಎರಡೂ ಬದಿ ಒಂದೇ ಕೂರಿಕೆಯಲ್ಲಿ ಮುಗಿಯಬೇಕು, ತಿರುವಿ ಹಾಕಿದರೆ ನಡುವೆ ಸಿಕ್ಕ ಒಂದು ಸಣ್ಣ ಚೂರೂ ಡಿಸ್ಕನ್ನು ಒಂದು ಕಡೆ ದಪ್ಪ, ಒಂದು ಕಡೆ ತೆಳು ಮಾಡುತ್ತದೆ. ಕೊನೆಯ ಕಟ್ 0.1 ಮಿ.ಮೀ. ಮೀರದಂತೆ, ನಿಧಾನ ಫೀಡಿನಲ್ಲಿ (ಉಳಿ ಮೆಲ್ಲಗೆ ಸರಿಯುವಂತೆ). ಅವಸರ ಮಾಡಿದರೆ ಗ್ರಾಮೋಫೋನ್ ತಟ್ಟೆಯಂತೆ ಸುರುಳಿ ಗೆರೆ ಉಳಿಯುತ್ತದೆ, ಪ್ಯಾಡ್ ಆ ಗೆರೆಯ ಮೇಲೆ ಹೊರಗೆ ಸರಿದು ಟಕ್ಕನೆ ವಾಪಸ್ ಬಂದು ಸಪ್ಪಳ ಮಾಡುತ್ತದೆ. ಮುಗಿದ ಮೇಲೆ 120 ನಂಬರ್ ಎಮರಿ ಪೇಪರಿನಿಂದ ಎರಡೂ ಮುಖ ಅಡ್ಡಾದಿಡ್ಡಿ ತಿಕ್ಕಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಒಂದೇ ಡಿಸ್ಕ್ ಮಾಡಿಸಬೇಡಿ. ಲೇಥಾಗಲಿ ಹೊಸದಾಗಲಿ ಎಡ-ಬಲ ಜೋಡಿಯಾಗಿಯೇ ಆಗಬೇಕು, ಪ್ಯಾಡೂ ಹೊಸದೇ ಇರಬೇಕು.

ಇನ್ನು ಹಾಕುವ ಕೆಲಸ. ಬೇಕಾದದ್ದು ಎರಡು ಡಿಸ್ಕ್, ನಾಲ್ಕು ಪ್ಯಾಡಿನ ಒಂದು ಸೆಟ್, ಬ್ರೇಕ್ ಗ್ರೀಸಿನ ಒಂದು ಸಣ್ಣ ಪೊಟ್ಟಣ, ಬ್ರೇಕ್ ಕ್ಲೀನರ್ ಒಂದು ಡಬ್ಬಿ. ಗಾಲಿ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಜಾಕ್ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ಕೆಲಸ ಬೇಡ. ಕ್ಯಾಲಿಪರ್ (ಪ್ಯಾಡ್, ಪಿಸ್ಟನ್ ಇರುವ ಭಾಗ) ಬಿಚ್ಚಿದ ಮೇಲೆ ಅದನ್ನು ಹೋಸಿನ ಮೇಲೆ ಜೋತು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪಿಸ್ಟನ್ ಹಿಂದೆ ತಳ್ಳುವಾಗ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ ಸ್ವಲ್ಪ ತೆರೆದು, ಕೊಳೆಯಾದ ಬ್ರೇಕ್ ಆಯಿಲ್ ಹೊರಗೆ ಬಾಟಲಿಗೆ ಬರುವಂತೆ ಮಾಡಿ, ಇಲ್ಲದಿದ್ದರೆ ಆ ಕೊಳೆ ಎಬಿಎಸ್ ಯೂನಿಟ್ಟಿಗೆ ಹೋಗುತ್ತದೆ. ತಳ್ಳುವುದು ನಿಂತ ಕೂಡಲೇ, ಗಾಳಿ ಒಳಗೆ ಎಳೆದುಕೊಳ್ಳುವ ಮೊದಲು, ನಿಪ್ಪಲ್ ಮುಚ್ಚಿ. ಡಿಸ್ಕ್ ಹಬ್ಬಿಗೆ ಕಚ್ಚಿಕೊಂಡಿದ್ದರೆ ಸುತ್ತಿಗೆ ಎತ್ತುವ ಮೊದಲು ನೋಡಿ: ಎಷ್ಟೋ ಕಾರುಗಳ ಡಿಸ್ಕಿನಲ್ಲಿ ಎರಡು ಖಾಲಿ ಥ್ರೆಡ್ ತೂತು ಇರುತ್ತವೆ. 8 ಎಂಎಂ ಬೋಲ್ಟ್ ಎರಡನ್ನು ಅದಕ್ಕೆ ಹಾಕಿ ಅರ್ಧರ್ಧ ಸುತ್ತು ಸರತಿಯಂತೆ ಬಿಗಿದರೆ ಡಿಸ್ಕ್ ತಾನೇ ಬಿಟ್ಟುಕೊಂಡು ಬರುತ್ತದೆ.

ಈಗ ಹಬ್ಬಿನ ಮುಖ. ಹೆಚ್ಚಿನ ಕಡೆ ಒಂದು ಬಟ್ಟೆ ಆಡಿಸಿ ಮುಂದೆ ಹೋಗುತ್ತಾರೆ, ನಡುಕ ವಾಪಸ್ ಬರುವುದು ಅಲ್ಲಿಂದಲೇ. ಸುಮಾರು 140 ಮಿ.ಮೀ. ಅಗಲದ ಹಬ್ಬಿನ ಅಂಚಿನಲ್ಲಿ 0.05 ಮಿ.ಮೀ. ತುಕ್ಕಿನ ಹೊಟ್ಟು ಒಂದೇ ಕಡೆ ಸಿಕ್ಕರೆ, ಪ್ಯಾಡ್ ತಾಗುವ ಜಾಗದಲ್ಲಿ ಅದು 0.08ರ ಓರೆಯಾಗುತ್ತದೆ. ಬೋಲ್ಟಿನ ಬುಡ, ನಡುವಿನ ಏಣಿನ ಮೂಲೆ, ಎಲ್ಲ ಕಡೆ ವೈರ್ ಬ್ರಷ್ ಹಾಕಿ ಬೆಳ್ಳಗೆ ಲೋಹ ಕಾಣುವವರೆಗೆ ತಿಕ್ಕಿ. ಬೆರಳಾಡಿಸಿದರೆ ಎಲ್ಲೂ ತರಿ ತಾಗಬಾರದು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ, ಜಿಡ್ಡು ಉಳಿದು ಪ್ಯಾಡ್ ಹೀರಿಕೊಳ್ಳುತ್ತದೆ. ಡಿಸ್ಕ್ ಕೂರಿಸಿ, ವಾಷರ್ ಕೊಟ್ಟು ನಟ್ ಬಿಗಿದು, ಅಂಚಿನಿಂದ 10 ಮಿ.ಮೀ. ಒಳಗೆ ಡಯಲ್ ಗೇಜ್ ಹಚ್ಚಿ ಒಂದು ಸುತ್ತು ತಿರುಗಿಸಿ. 0.05 ಒಳಗೆ ಬಂದರೆ ಬಹಳ ಚಲೋ. ಹೆಚ್ಚಿದ್ದರೆ ಡಿಸ್ಕನ್ನು ಒಂದು ತೂತು ಸರಿಸಿ ಮತ್ತೆ ನೋಡಿ. ಹೇಗೆ ಹಾಕಿದರೂ ಹೆಚ್ಚೇ ಬಂದರೆ ಹಬ್ ಅಥವಾ ಬೇರಿಂಗ್ ನೋಡಿಸಬೇಕು.

ಕ್ಯಾಲಿಪರ್ ಜಾರಲು ಇರುವ ಗೈಡ್ ಪಿನ್ ಎರಡೂ ಕೈಯಲ್ಲೇ ಸರಾಗವಾಗಿ ಒಳಗೆ ಹೊರಗೆ ಆಡಬೇಕು. ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದು ಹಾಗೇ ಇದ್ದರೆ ಪಿನ್ ಹಿಡಿದುಕೊಂಡಿದೆ ಎಂದೇ ಅರ್ಥ. ಹಳೆ ಗ್ರೀಸ್ ಒರೆಸಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗಿನ ಸಾದಾ ಗ್ರೀಸ್ ಹಚ್ಚಿದರೆ ಅಲ್ಲಿನ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ.

ಬಿಗಿಯುವ ಅಳತೆ ನಿಮ್ಮ ಕಾರಿನ ಮ್ಯಾನ್ಯುಯಲ್‌ನದೇ ಅಂತಿಮ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಪಿನ್ ಬೋಲ್ಟ್ 22–35 ನ್ಯೂಟನ್ ಮೀಟರ್, ಬ್ರಾಕೆಟ್ ಬೋಲ್ಟ್ ಮತ್ತು ಗಾಲಿ ನಟ್ 85–110ರ ಆಸುಪಾಸು. ಗಾಲಿ ನಟ್‌ಗಳನ್ನು ಎದುರುಬದುರು ಸರತಿಯಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಸಿ. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಬಿಗಿದರೂ ಡಿಸ್ಕ್ ಓರೆ ಕೂರುತ್ತದೆ. ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಒಂದೆರಡು ಒತ್ತಿಗೆ ಬ್ರೇಕ್ ಇರುವುದಿಲ್ಲ, ಇದನ್ನು ಮರೆತರೆ ಗಾಡಿ ನೇರ ಗೋಡೆಗೇ. ಆಮೇಲೆ ಬ್ರೇಕ್ ಆಯಿಲ್ ಮಟ್ಟ ನೋಡಿ.

ಕೊನೆಗೆ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸುವುದು. ಬೆಳಗ್ಗೆ ಬೇಗ, ಗದಗ ರೋಡಿನಂಥ ನೇರ ರಸ್ತೆ ಖಾಲಿ ಇರುವಾಗ, 60ರಿಂದ 15ರವರೆಗೆ ಮಧ್ಯಮವಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸಿ. ಹೀಗೆ 8–10 ಸಲ. ನಂತರ 10 ನಿಮಿಷ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಮೊದಲ 300 ಕಿ.ಮೀ. ಅನಿವಾರ್ಯವಿಲ್ಲದೆ ಜೋರಾಗಿ ಒತ್ತಬೇಡಿ.

ಅಂಕೋಲಾ ಕಡೆ ಹೋಗುವವರಾದರೆ ಅರಬೈಲ್ ಘಾಟಿಯನ್ನು ಎರಡು, ಮೂರನೇ ಗೇರಿನಲ್ಲೇ ಇಳಿಯಿರಿ. ಕೆಳಗೆ ಚಹಾಕ್ಕೆ ನಿಂತಾಗ ಪೆಡಲ್ ಒತ್ತಿ ಹಿಡಿಯಬೇಡಿ, ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೆಯಿರಿ. ಮುಂದಿನ ಬಿಸಿ ಡಿಸ್ಕಿಗೆ ಪ್ಯಾಡಿನ ತೇಪೆ ಅಂಟುವುದಿಲ್ಲ. ದೂರದಿಂದ ಬಂದವರು ಸೀದಾ ವಾಟರ್ ಸರ್ವೀಸಿಗೆ ಹಾಕದೆ, ಬಿಸಿ ಡಿಸ್ಕ್ ಆರಲು ಅರ್ಧ ತಾಸು ತಡೆಯಿರಿ. ಮಳೆಗಾಲದಲ್ಲಿ ಎರಿ ಮಣ್ಣಿನ ದಾರಿ ತುಳಿದಿದ್ದರೆ ರಿಮ್ಮಿನ ಒಳಮೈ, ಡಿಸ್ಕಿನ ಹಿಂದಿನ ತಗಡು ತೊಳೆಸಿ. ರಿಮ್ಮಿನಲ್ಲಿ ಒಣಗಿದ ಮಣ್ಣೂ ಗಾಲಿ ನಡುಗಿಸುತ್ತದೆ, ತಗಡಿನ ಸಂದಿಗೆ ಸಿಕ್ಕ ಹರಳು ಕಿರ್ ಎಂದು ಸಪ್ಪಳ ಮಾಡುತ್ತದೆ.

ನಾಳೆಯೇ ಗಾಲಿ ಬಿಚ್ಚಿಸಿ ಒಂದೊಂದು ಡಿಸ್ಕಿನ ಎಂಟೂ ಅಳತೆ, ಕೊರೆದಿರುವ ಮಿನಿಮಮ್ ಅಂಕಿ, ಒಳ-ಹೊರ ಪ್ಯಾಡಿನಲ್ಲಿ ಉಳಿದ ಮಸಾಲೆ ಎಷ್ಟು ಮಿ.ಮೀ. ಎಂದು ಇಲ್ಲಿ ಬರೆಯಿರಿ. ಲೇಥೋ ಹೊಸದೋ ಎಂದು ಆಗ ನಿಮ್ಮ ಕಾರಿಗೇ ಸರಿಯಾಗಿ ಹೇಳುತ್ತೇನೆ.