ನನ್ನ ಮನಸ್ಸು ನನಗೇ ಪೂರ್ತಿ ಗೊತ್ತಿರುತ್ತದೆಯೇ?

ಪೂರ್ತಿ ಇಲ್ಲ. ಹಲ್ಲು ನೋಯುತ್ತಿದೆ ಅನ್ನುವುದು ನೇರವಾಗಿ ಗೊತ್ತಾಗುತ್ತದೆ, ಅದಕ್ಕೆ ಸಾಕ್ಷಿ ಬೇಕಿಲ್ಲ. ಆದರೆ ‘ಇದನ್ನೇ ಯಾಕೆ ಆರಿಸಿದೆ’ ಎಂಬುದರ ಕಾರಣ ಒಳಗೆ ಇಣುಕಿದರೆ ಕಾಣುವುದಿಲ್ಲ. ಆಯ್ಕೆ ಮುಗಿದ ಮೇಲೆ ಮನಸ್ಸು ಒಪ್ಪುವಂಥದ್ದೊಂದನ್ನು ಊಹಿಸುತ್ತದೆ. ಅದು ಊಹೆ ಅಂತ ಅನಿಸುವುದೇ ಇಲ್ಲ, ತೊಡಕು ಅಲ್ಲೇ.

1977ರಲ್ಲಿ ಮನೋವಿಜ್ಞಾನಿಗಳಾದ ನಿಸ್ಬೆಟ್ ಮತ್ತು ವಿಲ್ಸನ್ ವರದಿ ಮಾಡಿದ ಪ್ರಯೋಗದಲ್ಲಿ ಸಾಲಾಗಿಟ್ಟ 4 ಜೊತೆ ಕಾಲುಚೀಲಗಳೂ ಒಂದೇ ತೆರನವು. ಯಾವುದು ಒಳ್ಳೆಯದು ಎಂದು ಕೇಳಿದಾಗ ಬಲತುದಿಯದಕ್ಕೇ ಹೆಚ್ಚು ಮಂದಿ ಕೈ ಹಾಕಿದರು. ಇಟ್ಟ ಜಾಗವೇ ಕಾರಣ ಎಂದು ತಾವಾಗಿ ಒಬ್ಬರೂ ಹೇಳಲಿಲ್ಲ.

ಕಲಬುರಗಿಯ ಮನೆಯಲ್ಲೇ ಮಾಡಿ ನೋಡಬಹುದು: ಒಂದೇ ಚೀಲದ ತೊಗರಿಬೇಳೆಯನ್ನು 4 ತಟ್ಟೆಗೆ ಒಂದೊಂದು ಹಿಡಿ ಹಾಕಿ ಕಾಕಾರ ಮುಂದಿಟ್ಟು, ಯಾವುದು ಒಳ್ಳೆಯದು, ಯಾಕೆ ಅಂತ ಕೇಳಿ. ‘ಇದರ ಬಣ್ಣ ಚಲೋ ಅದ’ ಅಂದಾರು! ಒಂದೇ ಚೀಲದ್ದು ಅಂತ ಮೊದಲೇ ಬಾಯಿಬಿಟ್ಟರೆ ಪ್ರಯೋಗ ಕೆಟ್ಟಿತು.